ಶಾಂತವಾಗದ ಗುಗ್ಗುಳ

ಈ ಬರಹವನ್ನು ದಿನಕ್ಕೆ ಅರ್ಧ ಪುಟದಂತೆ ಬರೆದಿದ್ದೇನೆ. ಬೆಳಗಿನ ಲಿಂಗಪೂಜೆ ಮುಗಿದು ಮನಸ್ಸು ತುಸು ತಿಳಿಯಾಗಿರುವ ಹೊತ್ತಿನಲ್ಲಿ, ಹಿಂದಿನ ದಿನ ಬರೆದದ್ದನ್ನು ಮೊದಲು ಓದಿಕೊಳ್ಳುತ್ತೇನೆ. ಕೈಬರಹ ನನ್ನದೆಂದು ಗುರುತು ಸಿಗುತ್ತದೆ. ಬರೆದ ನೆನಪು ಸಿಗುವುದಿಲ್ಲ. ಹೇಳಿದ್ದನ್ನೇ ಎಲ್ಲಿಯಾದರೂ ಮತ್ತೆ ಹೇಳಿದ್ದರೆ ಓದುವವರು ಕ್ಷಮಿಸಬೇಕು.

ಮಿದುಳಿಗೆ ವಿಷಾಣು ತಗುಲಿದವರ ಮನೆಯ ಮಂದಿ ಈ ಹೊತ್ತಿಗೂ ಯಾವುದೋ ಆಸ್ಪತ್ರೆಯ ಬಾಗಿಲಲ್ಲಿ ಕುಳಿತಿರುತ್ತಾರೆ. ಅವರಿಗಾಗಿ ಇದು. ಧೈರ್ಯ ಹೇಳುವ ಶಕ್ತಿ ನನಗಿಲ್ಲ. ಪಕ್ಕದಲ್ಲಿ ಕುಳಿತುಕೊಳ್ಳಬಲ್ಲೆ, ಅಷ್ಟೆ.

ನಾನು ಕೃಷ್ಣಾ ತೀರದ ಯಡೂರಿನವನು. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ, ಚಿಕ್ಕೋಡಿಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತನಾದೆ. ಅದು ಹೊಟ್ಟೆಪಾಡು. ನಮ್ಮ ಮನೆತನದ ಕಾಯಕ ಪುರವಂತಿಕೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಮದುವೆಗೆ ಮುಂಚೆ ವೀರಭದ್ರ ದೇವರ ಗುಗ್ಗುಳ ತೆಗೆಯುತ್ತಾರೆ. ಮಣ್ಣಿನ ಕೊಡದಲ್ಲಿ ಎಣ್ಣೆ ಸುರಿದು ಬೆಂಕಿ ಹೊತ್ತಿಸಿ ಮೆರವಣಿಗೆಯಲ್ಲಿ ತರುತ್ತಾರೆ. ಕೈಯಲ್ಲಿ ಖಡ್ಗ, ಕಾಲಲ್ಲಿ ಗೆಜ್ಜೆ, ನಡುವಿನಲ್ಲಿ ಕೆಂಪು ವಸ್ತ್ರ ಧರಿಸಿದ ಪುರವಂತ ಅದರ ಮುಂದೆ ನಿಂತು ದೇವರ ಒಡಪು ಹೇಳುತ್ತಾನೆ. ದಕ್ಷನು ಶಿವನನ್ನು ಅವಮಾನಿಸಿದ್ದು, ಶಿವನ ಜಡೆಯಿಂದ ವೀರಭದ್ರ ಹುಟ್ಟಿದ್ದು, ಯಜ್ಞವನ್ನು ಧ್ವಂಸ ಮಾಡಿದ್ದು, ದಕ್ಷನ ತಲೆ ಹಾರಿಸಿದ್ದು, ಎಲ್ಲವೂ ಆ ಒಡಪಿನಲ್ಲಿ ಬರುತ್ತದೆ. ಸಂಬಾಳವೆಂಬ ಜೋಡಿ ಚರ್ಮವಾದ್ಯದ ಬಡಿತಕ್ಕೆ ಸರಿಯಾಗಿ, ಉಸಿರು ಕಟ್ಟಿ ಹೇಳಬೇಕು.

ಕೊನೆಯಲ್ಲಿ ಗುಗ್ಗುಳವನ್ನು ಶಾಂತ ಮಾಡಬೇಕು. ನಮ್ಮ ಮನೆತನದ ಪದ್ಧತಿ ಹೀಗಿತ್ತು: ಸಂಬಾಳ ನಿಲ್ಲುತ್ತದೆ, ಪುರವಂತ ಕೊಡದ ಬೆಂಕಿಗೆ ಬಾಗಿ, ತುಟಿ ಮಾತ್ರ ಅಲುಗುವಂತೆ ಶಾಂತಿಪದವನ್ನು ಹೇಳುತ್ತಾನೆ. ಕೆಲಸ ಮುಗಿದರೂ ನಿಲ್ಲದೆ ಕಡಿಯುತ್ತಿರುವ ವೀರಭದ್ರನಿಗೆ ಶಿವನು ‘ಸಾಕು’ ಎಂದು ಹೇಳಿದ ಮಾತು ಅದು. ಬೆಂಕಿಯ ಹೊರತು ಬೇರೆ ಯಾರೂ ಅದನ್ನು ಕೇಳಬಾರದು. ಅದನ್ನು ಬರೆದಿಡಬಾರದು. ಗುರು ಕಾಯಕ ಬಿಟ್ಟು ತನ್ನ ಕಾಲಿನ ಗೆಜ್ಜೆ ಬಿಚ್ಚಿಡುವ ದಿನ ಮಾತ್ರ ಶಿಷ್ಯನ ಕಿವಿಯಲ್ಲಿ ಹೇಳಬೇಕು. ನನ್ನ ತಂದೆ ನನಗೆ ಹಾಗೆಯೇ ಕೊಟ್ಟರು. ನಾನು ಅದನ್ನು ಶೇಡಬಾಳದ ಈರಣ್ಣನಿಗೆ ಕೊಡಬೇಕಿತ್ತು. ದ್ರಾಕ್ಷಿ ಬೆಳೆಯುವ, ಎರಡು ಮಕ್ಕಳ ತಂದೆಯಾದ ಈರಣ್ಣ ಹನ್ನೆರಡು ವರ್ಷ ನನ್ನ ಹಿಂದೆ ನಿಂತು ಒಡಪು ಕಲಿತವನು. ಶಾಂತಿಪದ ಒಂದು ಉಳಿದಿತ್ತು. ನನ್ನ ಮೊಣಕಾಲುಗಳು ಇನ್ನೂ ಗಟ್ಟಿಮುಟ್ಟಾಗಿದ್ದವು. ಇನ್ನೂ ಎರಡು ಮೂರು ವರ್ಷ ಹೋಗಲಿ ಎಂದುಕೊಂಡಿದ್ದೆ.

ಎರಡು ಬೇಸಿಗೆಗಳ ಹಿಂದೆ ಪಾಲಬಾವಿಯ ಮಲಗೌಡರ ಮನೆಯ ಮದುವೆಯಲ್ಲಿ ಗುಗ್ಗುಳ ಇತ್ತು. ಅದಕ್ಕೆ ಮೊದಲು ಮೂರು ದಿನ ನನಗೆ ತಲೆನೋವು, ಮೈಬಿಸಿ. ಇನ್ನೊಂದು ವಿಚಿತ್ರವೂ ಇತ್ತು: ಎಲ್ಲಿ ಕುಳಿತರೂ ಗುಗ್ಗುಳದ ಹೊಗೆಯ ವಾಸನೆ. ಊಟದ ತಟ್ಟೆಯಲ್ಲಿ, ಒಗೆದ ಧೋತರದಲ್ಲಿ, ಬಾವಿಯ ನೀರಿನಲ್ಲಿ. ನನ್ನ ಹೆಂಡತಿ ನೀಲವ್ವನಿಗೆ ಹೇಳಿದಾಗ ಅವಳು ಕೈ ಮುಗಿದಳು. “ದೇವರು ಮುಂಚೇನ ಬಂದು ಕುಂತಾನ್ರಿ ನಿಮ್ಮ ಹತ್ರ,” ಎಂದಳು. ನಾನೂ ಹಾಗೆಯೇ ತಿಳಿದೆ. ಆ ವಾಸನೆ ಮೂಗಿಗೆ ಬಂದದ್ದಲ್ಲ, ಮಿದುಳಿನ ಒಂದು ಪಕ್ಕ ಸುಡತೊಡಗಿತ್ತು ಎಂದು ಆಮೇಲೆ ವೈದ್ಯರು ಹೇಳಿದರು.

ಮುಂದಿನದು ನನಗೆ ನೆನಪಿಲ್ಲ. ಹೆಂಡತಿಯೂ ಮಗಳೂ ಹೇಳಿದ್ದು.

ಒಡಪು ಅರ್ಧಕ್ಕೆ ಬಂದಾಗ ನಾನು ಸಾಲು ತಪ್ಪಿದೆನಂತೆ. ದಕ್ಷನ ಯಜ್ಞದ ನಡುವೆ ಶಾಲೆಯ ವ್ಯಾಕರಣ ಪಾಠ ಬಂತಂತೆ, ಸತ್ತುಹೋದ ನಮ್ಮ ಎತ್ತುಗಳ ಹೆಸರು ಬಂತಂತೆ. ಕಣ್ಣು ಮೇಲೆ ಹೋಗಿದ್ದವು, ಬಾಯಲ್ಲಿ ನೊರೆ ಇತ್ತು. ಜನ ‘ಹರಹರ ಮಹಾದೇವ’ ಎಂದು ಕೂಗಿ ಅಡ್ಡಬಿದ್ದರು. ಇಷ್ಟು ವರ್ಷದಲ್ಲಿ ದೇವರು ಈ ಪರಿ ಮೈದುಂಬಿದ್ದನ್ನು ಅವರು ಕಂಡಿರಲಿಲ್ಲ. ಕಂಬಳಿ ಹಾಸಿ ಕೂರಿಸಿದರು, ಪಾದಕ್ಕೆ ನೀರೆರೆದರು, ಪ್ರಶ್ನೆ ಕೇಳಲು ಸಾಲು ನಿಂತರು. ಎಮ್ಮೆ ಕಳೆದುಕೊಂಡ ಒಬ್ಬರಿಗೆ ನಾನು “ತೃತೀಯಾ ವಿಭಕ್ತಿ” ಎಂದೆನಂತೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಎಮ್ಮಿ ಮೂರನೇ ಹಳ್ಳಕ್ಕ ಹೋಗೇತೋ ಏನೋ,” ಎಂದು ಹುಡುಕಲು ಹೋದರು. ಎಮ್ಮೆ ಸಿಕ್ಕಿತಂತೆ. ಅದೇ ಇನ್ನಷ್ಟು ಕೆಡಿಸಿತು. ಮರುದಿನ ಮಧ್ಯಾಹ್ನದವರೆಗೂ ನನ್ನನ್ನು ಆ ಕಂಬಳಿಯಿಂದ ಯಾರೂ ಎಬ್ಬಿಸಲಿಲ್ಲ.

ಮಲಗೌಡರ ಮುದುಕಿ ತಾಯಿಯೊಬ್ಬಳೇ ಅನುಮಾನ ಪಟ್ಟವಳು. “ಏ ನೀಲವ್ವಾ, ದೇವ್ರ ಬಂದಾವ ಧೋತರದಾಗ ಉಚ್ಚಿ ಹೊಯ್ಕೋತಾನೇನ ಬೇ? ನಾ ಅಂತೂ ನೋಡಿಲ್ಲವ್ವಾ,” ಎಂದಳಂತೆ. ಎಲ್ಲರೂ ಅವಳನ್ನು ಗದರಿಸಿ ಒಳಗೆ ಕಳಿಸಿದರು.

ಮಗಳು ಸುವರ್ಣಾ ನಿಪ್ಪಾಣಿಯಲ್ಲಿ ಶಾಲೆಯ ಶಿಕ್ಷಕಿ. ಮದುವೆಯ ಊಟಕ್ಕೆಂದು ಬಂದವಳು ನನ್ನ ಹಣೆ ಮುಟ್ಟಿದಳು.

“ಅವ್ವಾ, ಅಪ್ಪನ ಮೈ ಕಾದ ಹಂಚ ಆಗೇತಿ. ದೇವ್ರಿಗೆ ಜ್ವರ ಬರತಾವೇನ?”

“ಮುಟ್ಟಬ್ಯಾಡ ಲೇ! ಮೈಮ್ಯಾಲ ಅದಾನ.”

“ಯಾರದಾರ ಮೈಮ್ಯಾಲ? ನನ್ನ ‘ಅಕ್ಕಾ’ ಅನ್ನಾಕತ್ತಾನ. ನಾ ಯಾರಂತ ಗೊತ್ತಿಲ್ಲ ಅಂವಗ!” ಎಂದವಳೇ ಮಲಗೌಡರ ಕಡೆ ತಿರುಗಿ, “ಕಾಕಾ, ಗಾಡಿ ತಗೀರಿ. ಪಾಪ ಬಂದ್ರ ನನಗ ಬರಲಿ,” ಎಂದಳು.

ಅವರೆಲ್ಲರ ಮೇಲೆ ನನಗೆ ಸಿಟ್ಟಿಲ್ಲ. ಮೈದುಂಬಿದ ಪುರವಂತನನ್ನು ಸಂಶಯದಿಂದ ಮುಟ್ಟಬಾರದು, ದೇವರು ತಾನಾಗಿ ಇಳಿಯುವವರೆಗೆ ಕಾಯಬೇಕು ಎಂದು ನಲವತ್ತು ವರ್ಷ ಊರೂರಿಗೆ ಹೇಳಿಕೊಟ್ಟವನು ನಾನೇ. ಅವರು ನನ್ನ ಪಾಠವನ್ನು ಅಕ್ಷರಶಃ ಪಾಲಿಸಿದರು.

ಗಡಿಯಾಚೆ ಮಿರಜದ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ಸೆಳೆತ ಬಂತು. ಬೆನ್ನೆಲುಬಿನಿಂದ ನೀರು ತೆಗೆದರು, ತಲೆಯ ಚಿತ್ರ ತೆಗೆದರು. ಚಿತ್ರ ತೆಗೆಯುವ ಯಂತ್ರದೊಳಗೆ ಲೋಹ ಹೋಗಬಾರದಂತೆ. ಹುಟ್ಟಿದಾಗ ಕಟ್ಟಿದ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯ ಸಮೇತ, ಮೊದಲ ಬಾರಿಗೆ ನನ್ನ ಮೈಯಿಂದ ಬೇರೆಯಾಯಿತು. ನೀಲವ್ವ ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬಾಗಿಲ ಹೊರಗೆ ನಿಂತಳು. ಕುಳಿತರೆ ನೆಲಕ್ಕೆ ತಾಗೀತೆಂದು ಕುಳಿತುಕೊಳ್ಳಲಿಲ್ಲ. ಅಲ್ಲಿ ಕೆಲಸ ಮಾಡುವ, ಎಲ್ಲರೂ ಮಾವಶಿ ಎಂದು ಕರೆಯುವ ಒಬ್ಬ ಮರಾಠಿ ಹೆಂಗಸು ಅದೇನೆಂದು ಕೇಳಿ ತಿಳಿದುಕೊಂಡಳು. ಹೋಗಿ ಕೈಕಾಲು ತೊಳೆದು ಬಂದು, ನೀಲವ್ವನ ಕೈಯ ಕೆಳಗೆ ತನ್ನ ಸೆರಗನ್ನು ಹಿಡಿದು ಜೊತೆಗೆ ನಿಂತಳಂತೆ. ಅವಳ ಹೆಸರು ನಮಗೆ ತಿಳಿದಿಲ್ಲ. ದಿನವೂ ಪೂಜೆಯಲ್ಲಿ ಅವಳನ್ನು ಹೆಸರಿಲ್ಲದೆಯೇ ನೆನೆಯುತ್ತೇನೆ. ಇದೊಂದನ್ನು ಮರೆಯಬಾರದೆಂದು ನೀಲವ್ವ ದೇವರ ಕೋಣೆಯ ಗೋಡೆಯ ಮೇಲೆ ‘ಮಾವಶಿ’ ಎಂದು ಬರೆಸಿಟ್ಟಿದ್ದಾಳೆ.

ವೈದ್ಯರು ನಡುವಯಸ್ಸಿನ ಹೆಣ್ಣುಮಗಳು. ಅಥಣಿಯ ಕಡೆ ತವರು, ಮಿರಜದಲ್ಲಿ ಸಂಸಾರ. “ನಿನ್ನೇನ ತಂದಿದ್ರ…” ಎಂದು ಶುರುಮಾಡಿ, ನೀಲವ್ವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರಂತೆ. ಆ ಅರ್ಧ ವಾಕ್ಯ ಇವತ್ತಿಗೂ ನಮ್ಮ ಮನೆಯಲ್ಲಿ ಇದೆ. ಯಾರೂ ಅದನ್ನು ಪೂರ್ತಿ ಮಾಡುವುದಿಲ್ಲ.

ಮೂರು ವಾರ ನರದೊಳಗೆ ಔಷಧಿ ಹರಿಯಿತು. ಜ್ವರ ಇಳಿಯಿತು. ನಾನು ಹೆಂಡತಿಯನ್ನು ಗುರುತಿಸಿದೆ, ಮಗಳನ್ನು ಗುರುತಿಸಿದೆ, ಬೆಳಗಿನ ಶ್ಲೋಕಗಳನ್ನು ಹೇಳಿದೆ. ಮನೆಗೆ ಬಂದೆವು. ಯಡೂರಿನ ಹೊಳೆಯ ಗಾಳಿ ತಾಗಿದಾಗ ಗೆದ್ದೆನೆಂದುಕೊಂಡೆ. ಒಡಪು ಹರಿದು ಹರಿದು ಬರುತ್ತಿತ್ತು, ಆದರೂ ಬರುತ್ತಿತ್ತು. ಶಾಂತಿಪದವೂ ಆಗ ಇತ್ತು. ಇತ್ತೆಂದು ನನಗೆ ಹೇಗೆ ಗೊತ್ತೆಂದರೆ, ಆ ದಿನಗಳಲ್ಲಿ ಈರಣ್ಣ ನೋಡಲು ಬಂದಾಗ ನಾನು ಅವನಿಗೆ ಹೇಳಿದ ಮಾತನ್ನು ನೀಲವ್ವ ಕೇಳಿಸಿಕೊಂಡಿದ್ದಾಳೆ.

“ಗುರುಗೋಳ, ತಪ್ಪ ತಿಳೀಬ್ಯಾಡ್ರಿ. ಶಾಂತಿಪದ ಒಂದ ಕೊಟ್ಟಬಿಡ್ರಿ. ಜೀವದ ಮಾತ ಯಾರ ಬಲ್ಲರ್ರಿ.”

“ಯಾಕೋ, ನಾ ಸಾಯಲಿ ಅಂತ ಕಾಯಾಕತ್ತಿಯೇನ? ನಾಲಿಗಿ ತುದಿಯೊಳಗ ಐತಿ. ಕಾಲಾಗ ಬಲ ಬರಲಿ, ಹೊಳಿಯೊಳಗ ಸ್ನಾನ ಮಾಡಿ, ಗೆಜ್ಜಿ ಬಿಚ್ಚಿ ಕೊಡತೀನಿ. ಹಾಸಿಗ್ಯಾಗ ಮಲಕೊಂಡ ಕೊಡೂದಲ್ಲ ಅದು.”

ಪದ್ಧತಿಯ ದೃಷ್ಟಿಯಿಂದ ನಾನು ಹೇಳಿದ್ದು ಸರಿಯೇ ಇತ್ತು. ಈರಣ್ಣ ಬಾಗಿಲಿಗೆ ಹಣೆ ಮುಟ್ಟಿಸಿ ಹೋದ.

ಹತ್ತು ಹನ್ನೆರಡು ದಿನ ಕಳೆದಿರಬಹುದು. ನನಗೆ ನಿದ್ದೆ ಬಿಟ್ಟುಹೋಯಿತು. ತುಟಿಗಳು ತಾವಾಗಿಯೇ ಅಲುಗತೊಡಗಿದವು, ಏನನ್ನೋ ಜಪಿಸುತ್ತಿರುವಂತೆ. ನೀಲವ್ವನನ್ನು ನೋಡಿ ಯಾರೋ ವೇಷ ಹಾಕಿಕೊಂಡು ಬಂದಿದ್ದಾರೆಂದು ಚೀರಿದೆ. ಈ ಸಲ ಯಾರೂ ದೇವರೆನ್ನಲಿಲ್ಲ. ಅದೇ ದಿನ ಮಿರಜಕ್ಕೆ ಹೋದೆವು. ಆದರೂ ತಡವಾಗಿತ್ತು.

ಎರಡನೆಯ ಸಲದ ಆ ಕಾಯುವ ಕೋಣೆ ನನಗೆ ತುಂಡುತುಂಡಾಗಿ ನೆನಪಿದೆ. ಗೋಡೆಗೆ ಒರಗಿ ಕುಳಿತ ಕಾಗವಾಡದ ಒಬ್ಬ ಕುರಿಗಾರ, ಅವನ ಕಂಬಳಿಯ ವಾಸನೆ. ಅವನ ಹೆಂಡತಿ ಒಳಗಿದ್ದಳು. ಬುತ್ತಿ ಬಿಚ್ಚಿ ಒಂದು ರೊಟ್ಟಿ ನಮ್ಮ ಕಡೆ ಚಾಚಿ, “ತಿನ್ರಿ, ಅಳಾಕರೆ ಬಲ ಬೇಕಲ್ರಿ,” ಎಂದ. ಸುವರ್ಣಾ ನಕ್ಕುಬಿಟ್ಟಳು. ಅವನೂ ನಕ್ಕ. ಸಂಜೆಯ ಹೊತ್ತಿಗೆ ಅವನು ಕಂಬಳಿ ಮಡಿಸಿಕೊಂಡು ಒಬ್ಬನೇ ಎದ್ದು ಹೋದ. ನಮ್ಮ ಕಡೆ ನೋಡಲಿಲ್ಲ.

ಈ ಬಾರಿಯ ಬೆನ್ನಿನ ನೀರಿನಲ್ಲಿ ವಿಷಾಣು ಇರಲಿಲ್ಲ. ಕೆಲವು ವಾರಗಳ ಚಿಕಿತ್ಸೆಯ ಬಳಿಕ ನನಗೆ ತುಸು ಎಚ್ಚರ ಬಂದಾಗ ವೈದ್ಯರು ಮಂಚದ ಅಂಚಿಗೆ ಕುಳಿತು ಹೇಳಿದರು. ಸುವರ್ಣಾ ಅದನ್ನು ವಹಿಯಲ್ಲಿ ಬರೆದುಕೊಂಡಿದ್ದಾಳೆ.

“ಕಾಕಾ, ವೈರಿ ಸತ್ತಾನ. ಅಂವನ್ನ ಕೊಲ್ಲಾಕ ನಿಮ್ಮ ರಕ್ತದೊಳಗಿನ ಕಾವಲಿನ ಮಂದಿ ಮೆದುಳಿಗೆ ಬಂದಿದ್ರಲ್ಲ, ಅವರು ಹೊಳ್ಳಿ ಹೋಗವಲ್ರು. ಬೆಂಕಿ ಹತ್ತಿದಾಗ ನಿಮ್ಮವೇ ಎಷ್ಟೋ ಜೀವಕೋಶ ಒಡದ ಬಿದ್ದುವು. ಅವನ್ನ ನೋಡಿ ಇವೂ ವೈರಿಗೋಳನ ಅಂತ ಕಲತಬಿಟ್ರು. ಈಗ ಹೊರಗಿನವ್ರ ಯಾರೂ ಇಲ್ಲ. ಮನೀ ಮಂದೀನ ಮನೀ ಮಂದೀನ್ನ ಹೊಡ್ಯಾಕತ್ತಾರ.”

ನಾನು “ಅವರಿಗೆ ಸಾಕು ಅಂತ ಹೇಳವ್ರು ಯಾರ್ರಿ?” ಎಂದು ಕೇಳಿದೆನಂತೆ.

“ಅದಕ್ಕ ಸ್ಟೆರಾಯ್ಡ್ ಕೊಟ್ಟೇವ್ರಿ. ಸಾಕು ಅಂತ ಒದರಿ ಹೇಳಿಧಂಗ ಅದು. ಒದರಿದ್ರ ಎಲ್ಲಾ ಕಾವಲಿನವರೂ ಮಲಗತಾರ, ಬ್ಯಾರೆ ರೋಗ ಒಳಗ ಬರತೈತಿ. ಮೆಲ್ಲಕ, ಅವರಷ್ಟಕ್ಕ ಹೇಳೋ ಮಾತು ನಮಗ ಇನ್ನೂ ಬರೂದಿಲ್ಲ.”

ಮೆಲ್ಲಗೆ ಹೇಳುವ ಮಾತು. ಆ ಕ್ಷಣದಲ್ಲಿ ನಾನು ಶಾಂತಿಪದಕ್ಕಾಗಿ ನನ್ನೊಳಗೆ ಕೈಯಾಡಿಸಿದೆ. ಅದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಕತ್ತಲೆಯ ಕೋಣೆಯಲ್ಲಿ ಗೊತ್ತಿರುವ ಗೂಡಿಗೆ ಕೈ ಹಾಕಿದಂತೆ. ಗೂಡು ಇತ್ತು. ಒಳಗೆ ಏನೂ ಇರಲಿಲ್ಲ. ಒಂದು ಅಕ್ಷರವೂ ಇರಲಿಲ್ಲ.

ಸುಟ್ಟುಹೋದ ಭಾಗ ಮತ್ತೆ ಬೆಳೆಯುವುದಿಲ್ಲವೆಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಚಿಕ್ಕಂದಿನ ಶ್ಲೋಕಗಳು ಉಳಿದಿವೆ, ವಿಭಕ್ತಿಗಳು ಉಳಿದಿವೆ. ಒಡಪಿನ ಮುಕ್ಕಾಲು ಭಾಗ ಹೋಗಿದೆ. ಅದು ಈರಣ್ಣನ ಬಾಯಲ್ಲಿರುವುದರಿಂದ ಚಿಂತೆಯಿಲ್ಲ. ಪೂಜೆ ಮಾಡಿದೆನೋ ಇಲ್ಲವೋ ತಿಳಿಯದೆ ಮತ್ತೆ ಮತ್ತೆ ಕೂರುತ್ತೇನೆ. ಎರಡನೆಯ ಸಲ ಕುಳಿತರೆ ನೀಲವ್ವ ವಿಭೂತಿಯ ಗಟ್ಟಿಯನ್ನು ಎತ್ತಿಟ್ಟುಬಿಡುತ್ತಾಳೆ. “ದೇವ್ರಿಗೂ ಬ್ಯಾಸರ ಬರತೈತ್ರಿ. ಏಳ್ರಿನ್ನ, ಚಾ ಕುಡೀರಿ.”

ಕಳೆದ ಶ್ರಾವಣದಲ್ಲಿ ಈರಣ್ಣ ಓಡೋಡಿ ಬಂದ. ಪಾಲಬಾವಿಯ ಆ ಗುಗ್ಗುಳವನ್ನು ಮಲಗೌಡರ ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರಂತೆ. ನಾನು ಎಂದೂ ಚಿತ್ರೀಕರಿಸಲು ಬಿಟ್ಟವನಲ್ಲ. ವರ್ಷಗಳ ಹಿಂದೆ ಸುವರ್ಣಾ ಕೇಳಿದಾಗ, “ದೇವರನ್ನ ಡಬ್ಬಿಯೊಳಗ ಹಾಕತಿಯೇನ?” ಎಂದು ಗದರಿದ್ದೆ. ಆ ದಿನ ಬೇಡವೆನ್ನಲು ನನಗೆ ಎಚ್ಚರ ಇರಲಿಲ್ಲ.

“ಗುರುಗೋಳ,” ಎಂದ ಈರಣ್ಣ, “ಕಡೀಕ ನೀವು ಕೊಡಕ್ಕ ಬಗ್ಗೀರಿ. ತುಟಿಯೊಳಗಲ್ಲ, ಬಾಯಿ ಬಿಟ್ಟು ಹೇಳೀರಿ. ಶಾಂತಿಪದಾನ ಇರಬೇಕ್ರಿ!”

ನಾಲ್ವರೂ ಪಡಸಾಲೆಯಲ್ಲಿ ಮೊಬೈಲಿನ ಆ ಸಣ್ಣ ಗಾಜಿನ ಸುತ್ತ ಕುಳಿತೆವು. ಅದರಲ್ಲಿ ಒಬ್ಬ ಮುದುಕ ಖಡ್ಗ ಹಿಡಿದು ಓಲಾಡುತ್ತಿದ್ದ. ಕಣ್ಣು ಬಿಳಿಯಾಗಿತ್ತು. ಜನ ಅಡ್ಡಬೀಳುತ್ತಿದ್ದರು, ಅಡ್ಡಬಿದ್ದವರಲ್ಲಿ ನೀಲವ್ವನನ್ನು ಕಂಡೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಅವಳು ತಲೆ ತಗ್ಗಿಸಿದಳು. ಮುದುಕ ಕೊಡಕ್ಕೆ ಬಾಗಿದ. ನಿಜವಾಗಿಯೂ ಬಾಯಿ ತೆರೆದು ಹೇಳಿದ. ಆದರೆ ಸಂಬಾಳ ನಿಂತಿರಲಿಲ್ಲ. ದೇವರು ಇಷ್ಟು ತುಂಬಿ ಬಂದಾಗ ಬಾರಿಸುವವರಾದರೂ ಹೇಗೆ ನಿಲ್ಲಿಸಿಯಾರು? ಆ ಬಡಿತದ ನಡುವೆ ಒಂದೊಂದು ಶಬ್ದ ಮೇಲೆ ತೇಲುತ್ತಿತ್ತು. ಈರಣ್ಣ ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ಕೇಳಿಸಿದ. ಸುವರ್ಣಾ ಬರೆದುಕೊಂಡಳು. ಕೊನೆಗೆ ವಹಿಯಲ್ಲಿ ಏಳು ಶಬ್ದಗಳಿದ್ದವು. ಅವುಗಳಲ್ಲಿ ಎರಡು ನಮ್ಮ ಎತ್ತುಗಳ ಹೆಸರು.

“ಉಳದ ಐದರಾಗ ಯಾವ್ದ ಖರೇ ಹೇಳ್ರಿ ಗುರುಗೋಳ. ಒಂದರೆ ಹೇಳ್ರಿ.”

ನಾನು ಐದನ್ನೂ ಓದಿದೆ. ಅವು ಶಿವನು ಆಡಿದವೋ ಜ್ವರ ಆಡಿದವೋ ನನಗೆ ತಿಳಿಯಲಿಲ್ಲ. ಊಹಿಸಿ ಹೇಳಬಹುದಿತ್ತು. ಸಂಸ್ಕೃತ ಬಲ್ಲವನು, ಚೆಂದದೊಂದು ಪದ ಕಟ್ಟಿಯೂ ಕೊಡಬಹುದಿತ್ತು, ಈರಣ್ಣ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದ. ದೇವರ ಮುಂದೆ ಹಾಗೆ ಮಾಡಲಾಗಲಿಲ್ಲ. “ಗೊತ್ತಿಲ್ಲಪಾ,” ಎಂದೆ. ಅವನು ಮೊಬೈಲನ್ನು ಜೇಬಿಗಿಟ್ಟುಕೊಂಡು, ನನ್ನ ಮೊಣಕಾಲಿನ ಮೇಲೆ ಹಣೆ ಇಟ್ಟು ಅತ್ತ.

ಆಗ ನೀಲವ್ವ ಮಾತಾಡಿದಳು. “ನನಗ ಪದ ಗೊತ್ತಿಲ್ಲೋ ಈರಣ್ಣ. ಹೆಂಗಸರು ಕೇಳೂದಲ್ಲ ಅದು. ನಾ ಯಾವಾಗಲೂ ಲಗ್ನದ ಮನಿ ಒಲಿ ಮುಂದನ ಇರತಿದ್ದೆ. ಸಂಬಾಳ ನಿಂತಕೂಡಲೇ ಹಂಚಿನ ಮ್ಯಾಲ ಒಂದ ಹೋಳಿಗಿ ಹಾಕತಿದ್ದೆ. ಅದು ಎರಡೂ ಮಗ್ಗಲ ಬೇಯೂ ಹೊತ್ತಿಗೆ ಮತ್ತ ಸಂಬಾಳ ಚಾಲೂ ಆಗತಿತ್ತು. ಒಂದ ಸಲಾನೂ ಹೋಳಿಗಿ ಸೀದಿಲ್ಲ.”

ಈರಣ್ಣ ಕಣ್ಣೊರೆಸಿಕೊಂಡು ಅದನ್ನು ಮತ್ತೊಮ್ಮೆ ಹೇಳಿಸಿಕೊಂಡ.

ಈಗ ಗುಗ್ಗುಳದ ಮುಂದೆ ನಿಲ್ಲುವವನು ಅವನೇ. ನನ್ನ ಗೆಜ್ಜೆಗಳು ಅವನ ಕಾಲಲ್ಲಿವೆ. ಪದವಿಲ್ಲದೆ ಗೆಜ್ಜೆ ಕೊಟ್ಟ ಮೊದಲ ಪುರವಂತ ನಮ್ಮ ಮನೆತನದಲ್ಲಿ ನಾನು. ಹತ್ತಿರದ ಊರಾದರೆ ನನ್ನನ್ನೂ ಕರೆದೊಯ್ದು ಕುರ್ಚಿಯ ಮೇಲೆ ಕೂರಿಸುತ್ತಾನೆ. ಒಡಪು ತುಂಬಾ ಚೆನ್ನಾಗಿ ಹೇಳುತ್ತಾನೆ. ಕೊನೆಗೆ ಕೈ ಎತ್ತುತ್ತಾನೆ, ಸಂಬಾಳ ನಿಲ್ಲುತ್ತದೆ. ಬೆಂಕಿಗೆ ಬಾಗುತ್ತಾನೆ. ಒಂದು ಹೋಳಿಗೆ ಬೇಯುವಷ್ಟು ಹೊತ್ತು ಹಾಗೆಯೇ ಇರುತ್ತಾನೆ. ಜನ ಕೈ ಮುಗಿದು ನಿಂತಿರುತ್ತಾರೆ, ಪದ ಹೇಳುತ್ತಿದ್ದಾನೆಂದು ತಿಳಿದು. ಅವನ ತುಟಿ ಅಲುಗುವುದಿಲ್ಲ. ಆಗ ಅವನು ಬಾಗಿದಲ್ಲಿಂದಲೇ ತಲೆ ಓರೆ ಮಾಡಿ ನನ್ನ ಕಡೆ ನೋಡುತ್ತಾನೆ, ಪ್ರತಿ ಸಲವೂ, ಇವತ್ತು ಬಂದೀತೇ ಎಂದು.

ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. ಅವನು ನೇರವಾಗಿ ನಿಂತು ಕೈ ಇಳಿಸುತ್ತಾನೆ. ಸಂಬಾಳ ಮತ್ತೆ ಬಡಿಯತೊಡಗುತ್ತದೆ. ಕೊಡದಲ್ಲಿ ಬೆಂಕಿ ಉರಿಯುತ್ತಲೇ ಇರುತ್ತದೆ. ಎಣ್ಣೆ ತೀರಿದಾಗ ತಾನಾಗಿ ಆರುತ್ತದೆ.